ನೆಲ ಕಾಣಬಾರದು

ಟೊಮೆಟೊ ಎಲೆ ಉಜ್ಜಿದಾಗ ಬರುವ ಹಸಿ ಘಾಟು ಅವಳಿಗೆ ಚಿಕ್ಕಂದಿನಿಂದ ಪರಿಚಿತ. ಅಮ್ಮ ಗಿಡಗಳಿಗೆ ಕೋಲು ಕಟ್ಟಿ ಬಂದು ಅದೇ ಕೈಯಲ್ಲಿ ಜಡೆ ಹೆಣೆಯುತ್ತಿದ್ದಳು. ತರಗತಿಯಲ್ಲಿ ಇಡೀ ದಿನ ತಲೆಯಿಂದ ಅದೇ ವಾಸನೆ. ಈಗ ವಾರದ ಒಂದೇ ರಜೆಯ ದಿನ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವಾಗ ಆ ಘಾಟೊಂದೇ ಜೊತೆಗಿತ್ತು. ಅವಳು ಆಸ್ಪತ್ರೆಯ ನರ್ಸು. ವಾರ್ಡಿನ ನೆಲದ ಮೇಲೆ ಹತ್ತಿಯ ಒಂದು ಎಳೆ ಬಿದ್ದಿದ್ದರೂ ಅವಳ ಕೈ ಸುಮ್ಮನಿರದು. ಕಣ್ಣಿನ ಆಪರೇಷನ್ ಆಗಿ ತಮ್ಮ ಮಗಳ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದ ಅತ್ತೆ ಬರುವಷ್ಟರಲ್ಲಿ ಕೈತೋಟ ಕನ್ನಡಿಯಂತಿರಲಿ ಎಂದು, ಬದನೆ, ಹುರುಳಿಕಾಯಿ, ಟೊಮೆಟೊ ಸಾಲುಗಳ ನಡುವೆ ಹಬ್ಬಿದ್ದ ದಪ್ಪೆಲೆಯ ಸೊಪ್ಪನ್ನೆಲ್ಲ ನಾಲ್ಕು ಗಂಟೆ ಕೂತು ಬೇರುಸಹಿತ ಕಿತ್ತು ಕಸದ ಗಾಡಿಗೆ ಹಾಕಿದಳು.

ಸಂಜೆ ಅತ್ತೆಯ ಫೋನು ಬಂತು.

"ಗೋಣಿಸೊಪ್ಪು ಹಬ್ತಾ ಇದೆಯೇನೇ?"

"ಯಾವ ಸೊಪ್ಪು ಅತ್ತೆ?"

"ಸಾಲುಗಳ ಮಧ್ಯೆ ನಾನೇ ಬಿತ್ತಿದ್ನಲ್ಲ, ಅದು. ನೆಲಕ್ಕೆ ಹೊದಿಕೆ ಕಣೆ. ತೇವ ಆರೋಕೆ ಬಿಡಲ್ಲ. ಗುಲಗಂಜಿ ಥರ ಕೆಂಪು ಹುಳ ಅದರಡೀಲಿ ಮನೆ ಮಾಡ್ಕೊಂಡು ಹುರುಳಿಕಾಯಿಗೆ ಹತ್ತೋ ಹೇನನ್ನ ತಿನ್ನುತ್ತೆ. ಔಷಧಿ ಹೊಡೆಯೋ ತಲೆನೋವೇ ಇಲ್ಲ. ನೆಲ ಕಾಣಬಾರದು, ಅಷ್ಟೇ. ಮನೆಗೆ ಬಂದ ತಕ್ಷಣ ನಾನು ಮೊದಲು ನೋಡೋದೇ ಅದನ್ನ."

ಅವಳು ಕಿಟಕಿಯಾಚೆ ನೋಡಿದಳು. ಕಣ್ಣು ಹಾಯಿಸಿದಲ್ಲೆಲ್ಲ ಬರೀ ಮಣ್ಣು.

"ಚೆನ್ನಾಗಿದೆ ಅತ್ತೆ," ಎಂದಳು.

ಭೂಮಾಪನ ಕಚೇರಿಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದ ಕೈ ಅತ್ತೆಯದು. ಎರಡು ವರ್ಷದಿಂದ ಕಣ್ಣಿಗೆ ಪೊರೆ ಬಂದು ಎಲ್ಲ ಮಂಜು. ಆದರೂ ಚೌಕಳಿ ಹಾಳೆಯ ಮೇಲೆ ದಪ್ಪ ಪೆನ್ನಿನಲ್ಲಿ ತೋಟ ಬರೆದು, ಸೊಸೆ ಡ್ಯೂಟಿಗೆ ಹೋದಾಗ ಹಗ್ಗ ಕಟ್ಟಿ, ಗೇಣು ಹಾಕಿ ಅಳೆದು, ಕಣ್ಣಿಗೆ ಕಾಣದ ಆ ಸಾಸಿವೆಗಿಂತ ಸಣ್ಣ ಬೀಜವನ್ನು ಬೆರಳಿನಲ್ಲೇ ತಡವಿ ಬಿತ್ತಿದ್ದರು. ತಮ್ಮ ತೋಟವನ್ನು ಅವರು ಇನ್ನೂ ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ಐದನೆಯ ದಿನ ಒಂದರ ಹಿಂದೊಂದು ಎರಡು ಪಾಳಿ ಮುಗಿಸಿ, ಊದಿದ ಕಾಲು ಎಳೆದುಕೊಂಡು ಅವಳು ಮನೆಗೆ ಬಂದಾಗ ಬಾಗಿಲು ತೆರೆದಿತ್ತು. ನಾದಿನಿ ಅತ್ತೆಯನ್ನು ಬಿಟ್ಟು ಹೊರಟುಹೋಗಿದ್ದಳು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಹಿತ್ತಲಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದರು. ಎದುರಿಗೆ ಬಿರುಕುಬಿಟ್ಟ ಮಣ್ಣು. ಹುರುಳಿಕಾಯಿಯ ಕುಡಿಗಳಿಗೆ ಆಗಲೇ ಕರಿ ಹೇನು ಮುತ್ತಿತ್ತು.

"ಕಳೆ ಅಂದ್ಕೊಂಡೆ ಅತ್ತೆ. ಫೋನಲ್ಲಿ ಹೇಳೋಕೆ ಬಾಯಿ ಬರಲಿಲ್ಲ."

ಅತ್ತೆ ತಿರುಗಲಿಲ್ಲ. "ಒಂದು ಬೇರೂ ಬಿಟ್ಟಿಲ್ಲ ನೀನು. ನಮ್ಮ ಆಫೀಸಲ್ಲಿ ಇಷ್ಟು ಚೊಕ್ಕವಾಗಿ ಅಳಿಸೋರು ಒಬ್ಬರೂ ಇರಲಿಲ್ಲ."

"ಬೈದುಬಿಡಿ ಅತ್ತೆ."

"ಬೈಯೋಣ ಅಂತಾನೇ ಮಧ್ಯಾಹ್ನದಿಂದ ಕೂತಿದೀನಿ." ಅತ್ತೆ ಕನ್ನಡಕ ತೆಗೆದು ತಲೆಯೆತ್ತಿದರು. ತಿರುಗಿ ಸೊಸೆಯ ಮುಖ ನೋಡಿದರು. ಎರಡು ವರ್ಷ ಆ ಮಂಜಿನಲ್ಲಿ ಸೊಸೆ ಎಂದರೆ ಒಂದು ದನಿ, ಒಂದು ಚಪ್ಪಲಿಯ ಸದ್ದು, ಹೊತ್ತಿಗೆ ಸರಿಯಾಗಿ ಕಣ್ಣಿಗೆ ಹನಿ ಹಾಕುವ ಬೆರಳು. ಈಗ ಕಣ್ಣಡಿಯ ಕಪ್ಪು ಕಂಡಿತು. ಬತ್ತಿದ ಕೆನ್ನೆ, ಕಿವಿಯ ಬಳಿಯ ನರೆ ಕಂಡವು.

"ಯಾವಾಗಿಂದ ಹೀಗೆ?"

"ಯಾವುದು ಅತ್ತೆ, ಹೇನಾ?"

ಅತ್ತೆ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದರು. ಒಲೆ ಹೊತ್ತಿದ, ಪಾತ್ರೆ ಇಳಿಸಿದ ಸದ್ದು ಕೇಳಿಸಿತು. ಸೊಸೆ ಹೋಗಿ ತಡೆಯಬೇಕೆಂದುಕೊಂಡಳು, ಊದಿದ ಕಾಲು ಮುಂದೆ ಬರಲಿಲ್ಲ. ಬಕೆಟ್ಟಿನ ಮೇಲೆಯೇ ಕುಸಿದು ಕೂತಳು.

ಸ್ವಲ್ಪ ಹೊತ್ತಿಗೆ ಅತ್ತೆ ಹೊರಬಂದರು. ಹಬೆಯಾಡುವ ಅನ್ನದ ತಟ್ಟೆಯನ್ನು ಸೊಸೆಯ ಕೈಗಿಟ್ಟರು.