ಸ್ನೇಹದ ಕುರ್ಚಿ

ನಿನ್ನೆ ಮೊನ್ನೆಯವರೆಗೆ ಕೈಯೊಡ್ಡುತ್ತಿದ್ದ ದೇಶಕ್ಕೆ ಈಗ ತಾನೂ ಕೊಡುವವರ ಸಾಲಿಗೆ ಸೇರುವ ಹುಮ್ಮಸ್ಸು ಬಂದಿತ್ತು. ಪಕ್ಕದ ಬಡ ದೇಶದ ಆಸ್ಪತ್ರೆಗೆ ಏನಾದರೂ ಕೊಡಬೇಕು, ಆದರೆ ಖರ್ಚಾಗಬಾರದು ಎಂದು ಮೇಲಿನಿಂದ ಅಪ್ಪಣೆಯಾಯಿತು. ಆರೋಗ್ಯ ಕಾರ್ಯದರ್ಶಿ ತಲೆ ಕೆಡಿಸಿಕೊಂಡು ಮನೆಗೆ ಬಂದರೆ, ಅರಿಶಿನ ಕುಂಕುಮಕ್ಕೆ ಹೋದಲ್ಲಿ ಸಿಕ್ಕಿದ್ದ ರವಿಕೆ ಕಣವನ್ನು ಹೆಂಡತಿ ಇನ್ನೊಬ್ಬರಿಗೆ ಕೊಡಲೆಂದು ಮಡಿಸಿಡುತ್ತಿದ್ದಳು. ಅವನಿಗೆ ದಾರಿ ಹೊಳೆಯಿತು.

ದೊಡ್ಡಾಸ್ಪತ್ರೆಯ ಸ್ಟೋರ್ ರೂಮಿನಲ್ಲಿ ಹಲ್ಲು ಕೀಳುವ ಕುರ್ಚಿಯೊಂದು ಅವನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಬಿದ್ದಿತ್ತು. ಕೂತವರ ಕುಂಡೆಗೆ ಅದರ ಸ್ಪ್ರಿಂಗು ಚುಚ್ಚುತ್ತಿತ್ತು. ಅದಕ್ಕೆ ಮಿರಿಮಿರಿ ಮಿಂಚುವ ನೀಲಿ ಹೊದಿಕೆ ಹಾಕಿಸಿ, ತಾನೇ ಜೊತೆಗೆ ಹೊರಟ.

ಸಮಾರಂಭದಲ್ಲಿ, ಹಿಂದೆ ಹಲ್ಲಿನ ಡಾಕ್ಟರಾಗಿದ್ದ ಆ ದೇಶದ ಮುದಿ ಆರೋಗ್ಯ ಮಂತ್ರಿಗಳು ಕುರ್ಚಿಯ ಪೆಡಲು ಒತ್ತಿದರು. ಕುರ್ಚಿ ಕುಂಯ್ಯೋ ಎಂದಿತು. ಮಂತ್ರಿಗಳು ಮುಗುಳ್ನಕ್ಕರು.

"ಕೂತ್ಕೊಳ್ಳಿ ಸಾರ್, ಒಂದು ಫೋಟೋ ಆಗ್ಲಿ," ಎಂದ ಕಾರ್ಯದರ್ಶಿ.

"ಛೆ ಛೆ, ಕೊಟ್ಟವರು ಮೊದ್ಲು ಕೂರ್ಬೇಕು."

"ನಿಮಗೆ ಅಂತಾನೇ ಮಾಡಿಸಿದ್ದು ಸಾರ್. ಹೊಚ್ಚ ಹೊಸದು."

"ಹಾಗಾದ್ರೆ ಭಯ ಯಾಕೆ ಸ್ವಾಮಿ? ಕೂತು ತೋರಿಸಿ."

ಕ್ಯಾಮೆರಾಗಳೆಲ್ಲ ಕಾರ್ಯದರ್ಶಿಯ ಕಡೆಗೆ ತಿರುಗಿದವು. ಅವನು ದೇವರ ಮೇಲೆ ಭಾರ ಹಾಕಿ ಕೂತ. ಕೂತಷ್ಟೇ ರಭಸದಲ್ಲಿ ಎದ್ದು ನಿಂತ.

ಮಂತ್ರಿಗಳು ಚಪ್ಪಾಳೆ ತಟ್ಟುತ್ತಲೇ ಅವನ ಕಿವಿಯ ಬಳಿ ಬಗ್ಗಿದರು.

"ನಿಮ್ಮಲ್ಲಿ ಪ್ರವಾಹ ಬಂದಾಗ ನಾವು ಇದನ್ನ ಕೊಟ್ಟಿದ್ವಲ್ಲ, ಆಗ್ಲೂ ಹೀಗೇ ಚುಚ್ತಿತ್ತು. ನೀವೂ ಬರೀ ಹೊದಿಕೆ ಬದಲಾಯಿಸಿದ್ರಾ?"