ಸದ್ದು ಸತ್ತ ಪೈಪು

ಬೊಗ್ನಾ ಬೇಕೆಂದೇ ಅಪಸ್ವರ ನುಡಿಸಿ, ಪಿಟೀಲನ್ನು ಕೆಳಗಿಳಿಸದೆ ಕಿವಿಗೊಟ್ಟಳು. ಸದ್ದೇ ಇಲ್ಲ. ಅವಳು ಎಲ್ಲಿ ತಪ್ಪಿದರೂ ಕೆಳಮನೆಯ ಮುದುಕ ಲುದ್ವಿಕ್, ಎರಡೂ ಮನೆಗಳನ್ನು ಬೆಚ್ಚಗಿಡುವ ರೇಡಿಯೇಟರಿಗೆ ಬಿಸಿನೀರು ಒಯ್ಯುವ ಕಬ್ಬಿಣದ ಪೈಪಿಗೆ ಚಮಚದಿಂದ ಟಣ್ಣೆಂದು ಬಾರಿಸುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಂದು ತಪ್ಪನ್ನೂ ಬಿಟ್ಟವನಲ್ಲ.

ನಿನ್ನೆ ಕೆಲಸದವರು ಕ್ರಾಕೋವ್‌ನ ಆ ಕಟ್ಟಡದ ಪೈಪು, ರೇಡಿಯೇಟರುಗಳನ್ನೆಲ್ಲ ಕಿತ್ತು ಹೊಸದು ಹಾಕಿದ್ದರು. ಆ ಧೂಳಿನಲ್ಲಿ ಅವನು ಒಂದೇ ಸಮ ಕೆಮ್ಮುತ್ತಿದ್ದುದು ಅವಳಿಗೆ ನೆನಪಾಯಿತು. ಒಂಟಿ ಜೀವ, ಏನಾದರೂ ಆಗಿದ್ದರೆ? ಇನ್ನೂ ಕರ್ಕಶವಾಗಿ ಕಮಾನು ಎಳೆದಳು. ಉಹೂಂ. ಓಡಿಹೋಗಿ ಬಾಗಿಲು ತೆರೆದರೆ ಎದುರಿಗೇ ಲುದ್ವಿಕ್, ಏದುಸಿರು ಬಿಡುತ್ತಾ.

"ಕಿವಿ ಕೇಳಲ್ವೇನ್ರೀ ಬೊಗ್ನಾ? ಬಡಿದೂ ಬಡಿದೂ ಕೈ ಬಿದ್ದೋಯ್ತು! ಅಷ್ಟು ಕೆಟ್ಟದಾಗಿ ನುಡಿಸ್ತಿದ್ರಲ್ಲ, ನಿಮಗೇ ಏನೋ ಆಗಿದೆ ಅಂತ ಓಡಿ ಬಂದೆ."

ಬೊಗ್ನಾ ಗೋಡೆಯಂಚಿನ ಬಿಳಿ ಪೈಪನ್ನು ಬೆರಳಿಂದ ತಟ್ಟಿದಳು. ಮೆತ್ತೆಗೆ ತಟ್ಟಿದಂತೆ, ಸದ್ದೇ ಬರಲಿಲ್ಲ. "ಪ್ಲಾಸ್ಟಿಕ್ಕು, ಲುದ್ವಿಕ್ ಅವರೇ," ಎಂದು ನಕ್ಕಳು. "ಇನ್ಮೇಲೆ ನಿಮ್ಮ ಆಟ ನಡೆಯಲ್ಲ."

ಮುದುಕ ಪೈಪನ್ನು ದುರುಗುಟ್ಟಿ ನೋಡಿದ. ಆಮೇಲೆ ಚಪ್ಪಲಿ ಕಳಚಿ ಒಳಬಂದು, ಅವಳ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂತ.

"ಸರಿ, ಇಲ್ಲಿಂದ್ಲೇ ಹೇಳ್ತೀನಿ. ಹ್ಞೂಂ, ಮೊದಲಿಂದ ನುಡಿಸಿ."