ಐದೂವರೆ ಗಂಟೆ

ಜೋಯಿಸರು ಇಪ್ಪತ್ತು ವರ್ಷದಿಂದ ಜಾತಕ ನೋಡುತ್ತಿದ್ದುದು ಒಂದೇ ಸಾಫ್ಟ್‌ವೇರಿನಲ್ಲಿ. ಹೊಸ ಕಂಪ್ಯೂಟರ್ ಬಂದಾಗ ರಿಪೇರಿಯವನು, "ಇದು ಹಳೇ ಕಾಲದ್ದು ಸ್ವಾಮಿ, ಹೊಸದರಲ್ಲಿ ನೆಟ್ಟಗೆ ಓಡಲ್ಲ" ಎಂದರೂ ಹಟ ಹಿಡಿದು ಅದನ್ನೇ ಹಾಕಿಸಿಕೊಂಡಿದ್ದರು. ಓಡುವುದೇನೋ ಓಡಿತು, ಆದರೆ ಎಲ್ಲರ ಹುಟ್ಟಿದ ಹೊತ್ತನ್ನೂ ಐದೂವರೆ ಗಂಟೆ ಹಿಂದಕ್ಕೆ ತಳ್ಳುತ್ತಿತ್ತು. ಅದು ಗೊತ್ತಾಗಿದ್ದು ಇವತ್ತು ಬೆಳಿಗ್ಗೆ, ತಮ್ಮದೇ ಜಾತಕ ತೆಗೆದು ನೋಡಿದಾಗ ನಕ್ಷತ್ರ ಬೇರೆ ಬಂದಿದ್ದರಿಂದ.

ಹೋದ ವಾರವಷ್ಟೇ ಅದನ್ನು ನಂಬಿ ಒಂದು ಒಳ್ಳೆಯ ಸಂಬಂಧವನ್ನು ತಪ್ಪಿಸಿದ್ದರು. ಈಗ ಪಂಚಾಂಗ ಹಿಡಿದು ಕೈಯಾರೆ ನೋಡಿದರೆ ಮೂವತ್ತಾರರಲ್ಲಿ ಇಪ್ಪತ್ತೆಂಟು ಗುಣ ಕೂಡುತ್ತಿತ್ತು. ಊಟದ ಎಲೆ ಮುಂದಿನಿಂದ ಅರ್ಧಕ್ಕೇ ಎದ್ದು, ಶಾಲು ಹೊದ್ದು, ಹುಡುಗಿಯ ಮನೆಗೆ ಹೊರಟರು.

ಬಾಗಿಲು ತೆರೆದದ್ದು ಹುಡುಗಿಯೇ.

"ಅಪ್ಪ ಪೇಟೆಗೆ ಹೋಗಿದಾರೆ ಜೋಯಿಸ್ರೇ. ಒಳಗೆ ಬನ್ನಿ."

"ಬೇಡಮ್ಮ, ಇಲ್ಲೇ ಹೇಳಿಬಿಡ್ತೀನಿ. ನನ್ನಿಂದ ದೊಡ್ಡ ತಪ್ಪಾಯ್ತು. ಆ ಹುಡುಗನ ಜಾತಕ ಕೂಡಲ್ಲ ಅಂದಿದ್ನಲ್ಲ, ಕೂಡತ್ತೆ. ಚೆನ್ನಾಗೇ ಕೂಡತ್ತೆ. ಕಂಪ್ಯೂಟರ್ ನಂಬಿ ಕೆಟ್ಟೆ. ಹುಡುಗನ ಕಡೆಯವರ ಕಾಲಿಗೆ ಬಿದ್ದಾದ್ರೂ ಒಪ್ಪಿಸ್ತೀನಿ."

ಹುಡುಗಿ ಬೀದಿಯ ಆಚೀಚೆ ನೋಡಿ ದನಿ ತಗ್ಗಿಸಿದಳು.

"ಅಪ್ಪನಿಗೆ ಹೇಳಿದ್ರಾ?"

"ಇನ್ನೂ ಇಲ್ಲ."

"ಹಂಗಾದ್ರೆ ಹೇಳಬೇಡಿ. ನಾಳೆ ಅಪ್ಪ ಇನ್ನೊಬ್ಬ ಹುಡುಗನ ಜಾತಕ ತರ್ತಾರೆ. ದಮ್ಮಯ್ಯ, ಅದನ್ನೂ ಆ ಕಂಪ್ಯೂಟರಲ್ಲೇ ನೋಡಿ."